ಬಾಡಿಯ ದಪ್ಪ ನೋಡಿದ್ದು ಸಾಕು, ಸಂದು ನೋಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯ ವಾಚಕರ ಅಂಕಣದಲ್ಲಿ ಒಬ್ಬರು ಎಲ್‌ಇಡಿ ದೀಪಗಳ ಬಗ್ಗೆ ಬರೆದಿದ್ದರು. ದೀಪ ಬೇಗ ಹೋಗುವುದಕ್ಕೆ ಅಲ್ಯೂಮಿನಿಯಂ ಬಾಡಿ ತೆಳ್ಳಗಿರುವುದೇ ಕಾರಣ, ಕೈಯಲ್ಲಿ ಹಿಡಿದು ತೂಕ ನೋಡಿ, ಭಾರದ್ದನ್ನೇ ತಗೊಳ್ಳಿ ಎಂದು ಅವರ ಸಲಹೆ. ಕೊನೆಗೆ, ಮನೆಯ ಮಾಡಿಗೂ ಇದೇ ಲೆಕ್ಕ, ದಪ್ಪ ಶೀಟು ಹಾಕಿದರೆ ಸೆಕೆ ಕಡಿಮೆ ಅಂತ ಒಂದು ಸಾಲು ಬೇರೆ. ಅವರ ಮೇಲೆ ನನಗೆ ಸಿಟ್ಟೇನೂ ಇಲ್ಲ, ನಾನೂ ಸುಮಾರು ವರ್ಷ ಹಾಗೆಯೇ ನಂಬಿದ್ದವನು. ಆದರೆ ಆ ಎರಡು ಮಾತೂ ತಪ್ಪು, ಮತ್ತು ಎರಡೂ ಒಂದೇ ಕಾರಣಕ್ಕೆ ತಪ್ಪು. ಅದನ್ನು ಹೇಳೋಣ ಅಂತ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ಕತ್ತರಿಸುವುದಾದರೆ ತೋಡಿನ ಕಟ್ಟದ ವಿಷಯ ಮಾತ್ರ ಬಿಡಬೇಡಿ.

ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ. ಮಿಕ್ಸಿ, ಇನ್ವರ್ಟರು, ಮೈಕ್ ಸೆಟ್ಟು. 2015ರಲ್ಲಿ ಉಜಾಲಾ ಯೋಜನೆ ಬಂದು ಎಲ್‌ಇಡಿ ಬಲ್ಬು ಅಗ್ಗವಾದ ಮೇಲೆ ಜಾಸ್ತಿ ಬರುವುದು ಅದೇ. ನಮ್ಮ ಭಜನಾ ಮಂದಿರದ ಅಂಗಳಕ್ಕೆ ಎರಡು ವರ್ಷದ ಹಿಂದೆ 50 ವ್ಯಾಟಿನ ನಾಲ್ಕು ಫ್ಲಡ್ ಲೈಟು ತಂದು ಹಾಕಿದ್ದರು. ಯಾರಿಂದ ತಂದರು ಅನ್ನುವುದು ಇಲ್ಲಿ ಬೇಡ. ಬಾಡಿ ಒಳ್ಳೆ ಭಾರ, ಬೆನ್ನಿನಲ್ಲಿ ಬಾಚಣಿಗೆಯ ಹಾಗೆ ರೆಕ್ಕೆಗಳು, ನೋಡಿದರೆ ಹತ್ತು ವರ್ಷ ಬರುತ್ತದೆ ಅನ್ನಿಸಬೇಕು. ಮೊದಲ ಮಳೆಗಾಲ ಮುಗಿಯುವುದರೊಳಗೆ ಒಂದು ಹೋಯಿತು. ಒತ್ತೆಕೋಲದ ರಾತ್ರಿ ಇನ್ನೊಂದು ಮಿಣಮಿಣ ಅಂದು ಕಣ್ಣು ಮುಚ್ಚಿತು. ಮೂರನೆಯದು ಹೋದದ್ದು ಬಯಲಾಟದ ದಿನ, ಅದೂ ಬಣ್ಣದ ವೇಷ ರಂಗಕ್ಕೆ ಬರುವ ಹೊತ್ತಿಗೇ ಸರಿಯಾಗಿ.

ಕಮಿಟಿಯ ಹುಡುಗ ಮೂರನ್ನೂ ಗೋಣಿಯಲ್ಲಿ ತುಂಬಿಸಿ ಅಂಗಡಿಗೆ ತಂದ. "ಅಣ್ಣಾ, ಇಷ್ಟು ಭಾರದ ಬಾಡಿ ಉಂಟಲ್ಲ, ಮತ್ತೆ ಎಂತಕ್ಕೆ ಹೋದದ್ದು?" ಅಂದ. ನಿಮ್ಮ ಅಂಕಣದವರ ಪ್ರಶ್ನೆಯೂ ಇದೇ ಅಲ್ವಾ?

ಗಾಜು ತೆಗೆದು ನೋಡಿದೆ. ಎಲ್‌ಇಡಿ ಚಿಪ್ಪುಗಳು ಕೂತಿರುವ ಬೋರ್ಡು ಸುಮಾರು ನಾಲ್ಕು ಇಂಚು ಚೌಕ. ಅದನ್ನು ಬಾಡಿಗೆ ಬಿಗಿಯಲು ನಾಲ್ಕು ತೂತು, ಸ್ಕ್ರೂ ಎರಡೇ. ಬೋರ್ಡು ಕೂರುವ ಜಾಗಕ್ಕೂ ಕಪ್ಪು ಪೌಡರ್ ಕೋಟಿಂಗ್ ಹೊಡೆದಿದ್ದಾರೆ, ಹೊರಗಿನ ಚಂದವನ್ನು ಒಳಗೂ ಮಾಡಿದ್ದು. ಬಿಸಿ ದಾಟಲಿ ಅಂತ ನಡುವೆ ಹಚ್ಚಬೇಕಾದ ಬಿಳಿ ಹೀಟ್‌ಸಿಂಕ್ ಪೇಸ್ಟು ಒಂದು ಉದ್ದಿನ ಕಾಳಿನಷ್ಟು ಇತ್ತು, ಅದೂ ಒಣಗಿ ಸುಣ್ಣದ ಪುಡಿಯಾಗಿತ್ತು. ಸ್ಕ್ರೂ ಇಲ್ಲದ ಮೂಲೆಗಳಲ್ಲಿ ಬೋರ್ಡು ಸುಟ್ಟ ಹಪ್ಪಳದ ಹಾಗೆ ಮೇಲೆದ್ದಿತ್ತು. ಆ ಸಂದಿಗೆ ಒಂದು ಜೆರಾಕ್ಸ್ ಹಾಳೆ ತೂರಿಸಿ ನೋಡಿದೆ. ಹೋಯಿತು. ಎರಡು ಹಾಳೆ ಜೋಡಿಸಿ ತೂರಿಸಿದೆ, ಹೋಯಿತು. ಮೂರು ಹಾಳೆಯೂ ಸಲೀಸಾಗಿ ಹೋಯಿತು.

ಜೆರಾಕ್ಸ್ ಹಾಳೆ ಸುಮಾರು 0.1 ಮಿಲಿಮೀಟರ್ ದಪ್ಪ. ಮೂರು ಹಾಳೆ ಅಂದರೆ 0.3 ಮಿಲಿಮೀಟರ್ ಗಾಳಿ. ಇಷ್ಟು ಗಾಳಿ ಏನು ಮಹಾ ಮಾಡುತ್ತದೆ ಅಂತ ಅನ್ನಿಸಬಹುದು, ಲೆಕ್ಕ ಹಾಕಿದರೆ ಹೆದರಿಕೆಯಾಗುತ್ತದೆ.

ಒಂದು ವಸ್ತುವಿನ ಮೂಲಕ ಬಿಸಿ ಎಷ್ಟು ಸುಲಭವಾಗಿ ದಾಟುತ್ತದೆ ಅನ್ನುವುದಕ್ಕೆ ಒಂದು ಅಂಕಿ ಇದೆ, ಉಷ್ಣವಾಹಕತೆ ಅನ್ನುತ್ತಾರೆ. ತಾಮ್ರಕ್ಕೆ ಅದು 400ರ ಹತ್ತಿರ, ಅಲ್ಯೂಮಿನಿಯಮ್ಮಿಗೆ 200ರ ಮೇಲೆ, ಮಾಮೂಲಿ ಉಕ್ಕಿಗೆ 50ರ ಆಸುಪಾಸು, ಸ್ಟೇನ್‌ಲೆಸ್ ಸ್ಟೀಲಿಗೆ ಬರೀ 15. ಗಾಜಿಗೆ ಸುಮಾರು 1, ನೀರಿಗೆ 0.6, ಮರಕ್ಕೆ 0.1ರಿಂದ 0.2. ಅಲುಗಾಡದೆ ನಿಂತ ಗಾಳಿಗೆ 0.026. ಅಂದರೆ ಅಲ್ಯೂಮಿನಿಯಂ ಗಾಳಿಗಿಂತ ಏಳೂವರೆ ಸಾವಿರ ಪಟ್ಟು ಸಲೀಸು. ತಿರುಗಿಸಿ ಹೇಳಿದರೆ, ಒಂದು ಕಾಗದದ ದಪ್ಪದ ಗಾಳಿ ಬಿಸಿಗೆ ಎಷ್ಟು ಅಡ್ಡ ನಿಲ್ಲುತ್ತದೋ ಅಷ್ಟು ಅಡ್ಡ ನಿಲ್ಲಬೇಕಾದರೆ ಅಲ್ಯೂಮಿನಿಯಂ ಗಟ್ಟಿ ಮುಕ್ಕಾಲು ಮೀಟರ್ ದಪ್ಪ ಇರಬೇಕು. ನಮ್ಮ ಮಂದಿರದ ದೀಪದಲ್ಲಿ ಇದ್ದದ್ದು ಅಂಥ ಮೂರು ಕಾಗದ! ಬಾಡಿ ಮೂರು ಮಿಲಿಮೀಟರ್ ಇದ್ದರೇನು, ಆರಿದ್ದರೇನು?

50 ವ್ಯಾಟಿನ ದೀಪದಲ್ಲಿ ಬೆಳಕಾಗುವುದು ಸ್ವಲ್ಪ, 35 ವ್ಯಾಟಿನಷ್ಟು ಬಿಸಿಯಾಗಿಯೇ ಉಳಿಯುತ್ತದೆ. ಅಷ್ಟು ಬಿಸಿ ನಾಲ್ಕಿಂಚು ಚೌಕದ 0.3 ಮಿಲಿಮೀಟರ್ ಗಾಳಿಯನ್ನು ದಾಟಬೇಕಾದರೆ ಸಂದಿನ ಆಚೆ ಈಚೆ 40 ಡಿಗ್ರಿ ವ್ಯತ್ಯಾಸ ಬೇಕು. ಅದೇ ಬಿಸಿ ಮೂರು ಮಿಲಿಮೀಟರ್ ಅಲ್ಯೂಮಿನಿಯಂ ದಾಟಲು ಒಂದು ಡಿಗ್ರಿಯ ಹತ್ತನೇ ಒಂದು ಪಾಲೂ ಬೇಡ. ನನ್ನ ಮೀಟರಿನ ಥರ್ಮೋಕಪಲ್, ಅಂದರೆ ಬಿಸಿ ಅಳೆಯುವ ತಂತಿ, ಸಿಕ್ಕಿಸಿ ಒಂದು ಗಂಟೆ ಉರಿಸಿ ನೋಡಿದೆ. ಬೋರ್ಡು 96 ಡಿಗ್ರಿ, ಬಾಡಿ 58. ಲೆಕ್ಕಕ್ಕೂ ಮೀಟರಿಗೂ ಎರಡೇ ಡಿಗ್ರಿ ಅಂತರ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ, ನನಗೂ ಇತ್ತು. ಬೆನ್ನು ಮುಟ್ಟಿ ನೋಡಿ, ಬಾಡಿ ಜಾಸ್ತಿ ಬಿಸಿ ಇಲ್ಲ, ಒಳ್ಳೆ ಮಾಲು ಅನ್ನುತ್ತಾರೆ. ಇನ್ನು ಕೆಲವರು ಇದಕ್ಕೆ ಉಲ್ಟಾ, ಬಾಡಿ ಬಿಸಿಯಾದರೆ ಬಿಸಿ ಹೊರಗೆ ಬರುತ್ತಾ ಇದೆ ಅಂತ ಅರ್ಥ ಅನ್ನುತ್ತಾರೆ. ಮುಟ್ಟಿ ನೋಡಿದರೆ ಎರಡೂ ಗೊತ್ತಾಗುವುದಿಲ್ಲ.

ನಮ್ಮ ಅಡಿಕೆ ತೋಟದವರಿಗೆ ಇದನ್ನು ಹೇಳುವುದು ಸುಲಭ. ತೋಡಿಗೆ ಕಟ್ಟ ಹಾಕುತ್ತೇವಲ್ಲ, ಕಲ್ಲು ಮಣ್ಣು ಸೊಪ್ಪು ಹಾಕಿ. ಕಟ್ಟ ಹಾಕಿದ ದಿನ ಕೆಳಗಿನ ತೋಟಕ್ಕೆ ನೀರು ಕಡಿಮೆ. ಮೇಲೆ ನೀರು ಏರುತ್ತಾ ಏರುತ್ತಾ ಕಟ್ಟದ ತಲೆ ದಾಟಿತು ಅನ್ನಿ, ಆಮೇಲೆ ಬಂದಷ್ಟು ನೀರು ಕೆಳಗೆ ಹೋಗಿಯೇ ಹೋಗುತ್ತದೆ. ಕೆಳಗೆ ನಿಂತು ನೋಡಿದವನಿಗೆ ಏನೂ ವ್ಯತ್ಯಾಸ ಕಾಣದು. ವ್ಯತ್ಯಾಸ ಇರುವುದು ಕಟ್ಟದ ಮೇಲ್ಗಡೆ, ಅಲ್ಲಿ ಆಳುದ್ದ ನೀರು ನಿಂತಿರುತ್ತದೆ. ದೀಪವೂ ಹಾಗೆ. 35 ವ್ಯಾಟಿನ ಬಿಸಿ ಹೇಗಾದರೂ ಹೊರಗೆ ಹೋಗಲೇಬೇಕು, ಹೋಗುತ್ತದೆ, ಬಾಡಿಯ ಬಿಸಿ ಸಂದು ಇರುವ ದೀಪ, ಇಲ್ಲದ ದೀಪ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಸಂದಿನಲ್ಲಿ ಕಟ್ಟ ಇದ್ದರೆ ಚಿಪ್ಪಿನ ಕಡೆ ಬಿಸಿ ಏರಿ ನಿಂತಿರುತ್ತದೆ, ಅಷ್ಟೇ. ಆ ನಿಂತ ಬಿಸಿಯೇ ಚಿಪ್ಪನ್ನು ಸುಡುವುದು. ಎಲ್‌ಇಡಿಗೆ ಬೇಕಾದ ಹಾಗೆ ಕರೆಂಟು ಕೊಡುವ ಡ್ರೈವರ್ ಸರ್ಕ್ಯೂಟನ್ನೂ ಅದೇ ಡಬ್ಬಿಯೊಳಗೆ ತುರುಕಿದ್ದರೆ ಅದರ ಕೆಪಾಸಿಟರಿಗೂ ಕುತ್ತು. ಕೆಪಾಸಿಟರಿಗೆ ಹತ್ತು ಡಿಗ್ರಿ ಏರಿದರೆ ಆಯುಸ್ಸು ಅರ್ಧ ಅನ್ನುವುದು ನಮ್ಮ ಕಸುಬಿನ ಬಾಯಿಲೆಕ್ಕ.

ಹಳೆಯ ಬಲ್ಬಿಗೆ ಈ ತಲೆನೋವು ಇರಲಿಲ್ಲ. ಅದರ ತಂತಿ ಸುಮಾರು 2500 ಡಿಗ್ರಿಯಲ್ಲಿ ಕೆಂಡವಾಗಿ ಉರಿಯುತ್ತಿತ್ತು, ಬಿಸಿಯನ್ನು ಬೆಳಕಿನ ಹಾಗೆಯೇ ಎದುರಿಗೆ ಎಸೆಯುತ್ತಿತ್ತು. ಕೈ ಒಡ್ಡಿದರೆ ಕಾವು ತಾಗುತ್ತಿತ್ತಲ್ಲ, ಅದೇ. ಎಲ್‌ಇಡಿ ಅಷ್ಟು ಬಿಸಿಯಾದರೆ ಬದುಕುವುದಿಲ್ಲ. ಅದರ ಬಿಸಿಗೆ ಇರುವುದು ಹಿತ್ತಿಲ ಬಾಗಿಲು ಒಂದೇ, ಬೋರ್ಡಿನಿಂದ ಬಾಡಿಗೆ, ಬಾಡಿಯಿಂದ ಗಾಳಿಗೆ.

ಹಾಗಾದರೆ ಸ್ಕ್ರೂ ನಾಲ್ಕೂ ಬಿಗಿದರೆ ಸಾಕಲ್ಲ, ಲೋಹಕ್ಕೆ ಲೋಹ ತಾಗಿತಲ್ಲ? ಸಾಲದು. ಕಣ್ಣಿಗೆ ನುಣುಪಾಗಿ ಕಾಣುವ ಎರಡು ಲೋಹದ ಹಾಳೆಗಳನ್ನು ಒತ್ತಿ ಹಿಡಿದರೂ ನಿಜಕ್ಕೂ ಒಂದಕ್ಕೊಂದು ತಾಗುವುದು ನೂರರಲ್ಲಿ ಒಂದೆರಡು ಪಾಲು ಜಾಗ ಮಾತ್ರ. ಎರಡೂ ಕಡೆ ಗುಡ್ಡೆ ತಗ್ಗುಗಳೇ. ಗುಡ್ಡೆಯ ತುದಿಗಳು ತಾಗುತ್ತವೆ, ನಡುವಿನ ಬಯಲಿನಲ್ಲೆಲ್ಲ ಗಾಳಿ. ಬಿಗಿ ಜಾಸ್ತಿ ಮಾಡಿದ ಹಾಗೆ ತುದಿಗಳು ಚಪ್ಪಟೆಯಾಗಿ ತಾಗುವ ಜಾಗ ಹೆಚ್ಚುತ್ತದೆ. ಉಳಿದ ತಗ್ಗಿನ ಗಾಳಿಯನ್ನು ಓಡಿಸುವುದಕ್ಕೆ ಪೇಸ್ಟು. ಪೇಸ್ಟೇನೂ ದೊಡ್ಡ ವಾಹಕ ಅಲ್ಲ, ಅದರ ಅಂಕಿ ಒಂದರಿಂದ ಎಂಟರವರೆಗೆ ಇರಬಹುದು, ಅಲ್ಯೂಮಿನಿಯಮ್ಮಿನ ಎದುರು ಏನೂ ಅಲ್ಲ. ಆದರೆ ಗಾಳಿಯ ಎದುರು ರಾಜ. ಹಾಗಂತ ಬೆಣ್ಣೆ ಮೆತ್ತಿದ ಹಾಗೆ ದಪ್ಪಕ್ಕೆ ಮೆತ್ತಿದರೆ ಆ ಪೇಸ್ಟೇ ಕಟ್ಟವಾಗುತ್ತದೆ. ತೆಳ್ಳಗೆ ಸವರಬೇಕು.

ನನಗೆ ಕೆಲಸ ಕಲಿಸಿದವರು ಮೈಕ್ ಸೆಟ್ಟಿನ ಆಂಪ್ಲಿಫೈಯರ್ ಮಾಡುತ್ತಿದ್ದರು. 2ಎನ್3055 ಅಂತ ದಪ್ಪ ಲೋಹದ ಟೋಪಿಯ ಟ್ರಾನ್ಸಿಸ್ಟರು, ಹಳಬರಿಗೆ ನೆನಪಿರುತ್ತದೆ. ಅದರ ಮೈಯಲ್ಲೇ ಕರೆಂಟು, ಹೀಟ್‌ಸಿಂಕಿಗೆ, ಅಂದರೆ ಬಿಸಿ ಎಳೆದುಕೊಳ್ಳುವ ಲೋಹದ ತುಂಡಿಗೆ, ನೇರ ತಾಗಬಾರದು, ಬಿಸಿ ಮಾತ್ರ ದಾಟಬೇಕು. ಅದಕ್ಕೆ ನಡುವೆ ಮೈಕಾ ಹಾಳೆ, ಅಂದರೆ ಅಭ್ರಕ. ಕರೆಂಟನ್ನು ತಡೆಯುತ್ತದೆ, ಬಿಸಿಯನ್ನು ಅಷ್ಟೇನೂ ತಡೆಯದು, ತೆಳ್ಳಗಿರುವುದರಿಂದ. ಹಾಳೆಯ ಎರಡೂ ಬದಿಗೆ ಪೇಸ್ಟು ಸವರಲೇಬೇಕು. ನಾನೊಮ್ಮೆ ಒಂದೇ ಬದಿಗೆ ಹಚ್ಚಿ ಕೊಟ್ಟಿದ್ದೆ. ಮದುವೆ ಮನೆಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಸೆಟ್ಟು ಸುಟ್ಟು ಹೋಯಿತು. ಬೈಗುಳ ಇವತ್ತಿಗೂ ಕಿವಿಯಲ್ಲಿದೆ.

ಬಿಸಿಗೂ ಕರೆಂಟಿನ ಹಾಗೆ ರೆಸಿಸ್ಟೆನ್ಸ್, ಅಂದರೆ ತಡೆ, ಇದೆ ಅಂತ ನಾವೀಗ ಹೇಳುತ್ತೇವಲ್ಲ, ಇತಿಹಾಸ ಅದಕ್ಕೆ ಉಲ್ಟಾ. ಫ್ರಾನ್ಸಿನ ಫೂರಿಯೇ ಬಿಸಿಯ ಹರಿವಿನ ಲೆಕ್ಕದ ಪುಸ್ತಕ ಪ್ರಕಟಿಸಿದ್ದು 1822ರಲ್ಲಿ. ಜರ್ಮನಿಯ ಓಮ್ ಆ ಮಾದರಿಯನ್ನೇ ಹಿಡಿದು ಕರೆಂಟಿನ ಲೆಕ್ಕ ಮಾಡಿ 1827ರಲ್ಲಿ ಅಚ್ಚು ಹಾಕಿಸಿದ. ದಪ್ಪ ಜಾಸ್ತಿಯಾದರೆ ತಡೆ ಜಾಸ್ತಿ, ಅಗಲ ಜಾಸ್ತಿಯಾದರೆ ತಡೆ ಕಡಿಮೆ, ಒಂದರ ಹಿಂದೆ ಒಂದು ಬಂದರೆ ತಡೆಗಳನ್ನು ಕೂಡಿಸು. ಕೂಡಿಸುವಾಗ ದೊಡ್ಡದು ಯಾವುದು ಅಂತ ನೋಡಬೇಕು, ಅಷ್ಟೇ ಗುಟ್ಟು. ಅಲ್ಯೂಮಿನಿಯಂ ಬಾಡಿಯನ್ನು ದಪ್ಪ ಮಾಡುವುದು ಅಂದರೆ ಪೈಸೆಯ ಲೆಕ್ಕ ಸರಿ ಮಾಡಿ ಸಾವಿರ ರೂಪಾಯಿ ಕಳೆದುಕೊಂಡ ಹಾಗೆ.

ವಸ್ತುವಿನ ಒಳಗಿನ ತಡೆ ಎಲ್ಲಿಂದ ಬರುತ್ತದೆ ಅನ್ನುವುದೂ ಸ್ವಾರಸ್ಯ. ತಾಮ್ರ, ಅಲ್ಯೂಮಿನಿಯಮ್ಮಿನಂಥ ಲೋಹದಲ್ಲಿ ಬಿಸಿಯನ್ನು ಹೊತ್ತು ಓಡುವುದು ಎಲೆಕ್ಟ್ರಾನುಗಳು. ಒಂದೇ ಜಾತಿಯ ಪರಮಾಣುಗಳು ಸಾಲಾಗಿ ಕೂತಿದ್ದರೆ ಓಟ ಸಲೀಸು. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕಬ್ಬಿಣದ ನಡುವೆ ಕ್ರೋಮಿಯಂ, ನಿಕ್ಕಲ್ ಬೆರೆತಿರುತ್ತವೆ, ಹೆಜ್ಜೆಗೊಮ್ಮೆ ಎಡವು. ಆದ್ದರಿಂದಲೇ ತೆಳು ಸ್ಟೀಲ್ ಪಾತ್ರೆಯಲ್ಲಿ ಹಾಲು ಉರಿಯ ಮೇಲಿನ ಜಾಗದಲ್ಲಿ ಮಾತ್ರ ತಳ ಹಿಡಿಯುವುದು, ಬಿಸಿ ಬದಿಗೆ ಹರಡುವುದಿಲ್ಲ. ಸ್ಯಾಂಡ್‌ವಿಚ್ ತಳದ ಪಾತ್ರೆ ಬಂದದ್ದು ಇದಕ್ಕೇ, ಎರಡು ಸ್ಟೀಲಿನ ನಡುವೆ ಅಲ್ಯೂಮಿನಿಯಂ. ಆ ತಳ ಒಂದು ಕಡೆ ಬಿಟ್ಟುಕೊಂಡರೆ ನೋಡಿ, ಅಲ್ಲಿ ಒಳಗೆ ಗಾಳಿ ಸೇರಿ ಹಾಲು ಒಂದು ಬದಿಯಲ್ಲಿ ಕರಟಿದರೆ ಇನ್ನೊಂದು ಬದಿಯಲ್ಲಿ ಬಿಸಿಯೇ ಆಗದು. ನಮ್ಮ ಮನೆಯಲ್ಲಿ ಅಂಥದ್ದೊಂದು ಇದೆ, ಬಿಸಾಡಲು ಮನೆಯವಳು ಬಿಡುವುದಿಲ್ಲ. ಲೋಹ ಅಲ್ಲದವುಗಳಲ್ಲಿ ಪರಮಾಣುಗಳ ನಡುಕವೇ ಬಿಸಿಯನ್ನು ಮುಂದಕ್ಕೆ ದಾಟಿಸುತ್ತದೆ. ಸಾಮಾನ್ಯವಾಗಿ ಅದು ನಿಧಾನ, ಆದರೆ ವಜ್ರ ಎಲ್ಲರನ್ನೂ ಮೀರಿಸಿದ್ದು, 2000ದ ಹತ್ತಿರ. ಆಭರಣದ ಅಂಗಡಿಯವರು ಪೆನ್ನಿನಂಥದ್ದೊಂದನ್ನು ಕಲ್ಲಿಗೆ ಒತ್ತಿ ವಜ್ರ ಹೌದೋ ಅಲ್ಲವೋ ನೋಡುವುದು ಬಿಸಿ ಎಷ್ಟು ಬೇಗ ಎಳೆದುಕೊಂಡಿತು ಅಂತ ಅಳೆದೇ.

ಇನ್ನು ಸಂದು. ಗಾಳಿ ಒಂದು ಚೂರೂ ಇಲ್ಲದೆ ಎರಡು ವಸ್ತುಗಳನ್ನು ಅಂಟಿಸಿದರೆ ತಡೆ ಸೊನ್ನೆ ಆಗಬೇಕಲ್ಲ? ಆಗುವುದಿಲ್ಲ. ರಷ್ಯಾದ ವಿಜ್ಞಾನಿ ಕಪಿಟ್ಸಾ 1941ರಲ್ಲಿ ದ್ರವ ಹೀಲಿಯಮ್ಮಿನಲ್ಲಿ ಬಿಸಿ ಲೋಹವನ್ನು ಅಳೆಯುವಾಗ ಇದನ್ನು ಕಂಡ. ದ್ರವ ಲೋಹಕ್ಕೆ ಮೆತ್ತಿಕೊಂಡೇ ಇದೆ, ನಡುವೆ ಬಿರುಕಿಲ್ಲ, ಆದರೂ ಗಡಿಯಲ್ಲಿ ಬಿಸಿ ಧಡಕ್ಕನೆ ಒಂದು ಮೆಟ್ಟಿಲು ಇಳಿಯುತ್ತದೆ. ಈಚೆಯ ಪರಮಾಣುಗಳು ನಡುಗುವ ರೀತಿ ಒಂದು, ಆಚೆಯವು ನಡುಗುವ ರೀತಿ ಬೇರೆ, ಹಾಗಾಗಿ ಗಡಿಗೆ ಬಂದ ನಡುಕದಲ್ಲಿ ಒಂದು ಪಾಲು ವಾಪಸು. ಕಾಸರಗೋಡಿನವರಿಗೆ ಇದಕ್ಕೆ ಜಾಸ್ತಿ ವಿವರಣೆ ಬೇಡ. ಮಂಗಳೂರಿಗೆ ಐವತ್ತು ಕಿಲೋಮೀಟರು, ಈಚೆಯೂ ರಸ್ತೆಯೇ, ಆಚೆಯೂ ರಸ್ತೆಯೇ. 2020ರ ಮಾರ್ಚಿನಲ್ಲಿ, ಕೊರೊನಾ ಹೊತ್ತಿಗೆ, ಕೇರಳ ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಆ ರಸ್ತೆ ಎಷ್ಟು ಅಗಲ ಇದ್ದು ಏನು ಪ್ರಯೋಜನವಾಯಿತು? ದೀಪದಂಥ ದೊಡ್ಡ ಸಾಮಾನಿನಲ್ಲಿ ಕಪಿಟ್ಸಾ ಕಂಡ ತಡೆ ಲೆಕ್ಕಕ್ಕೆ ಸಿಗದಷ್ಟು ಸಣ್ಣದು. ಮೊಬೈಲಿನ ಚಿಪ್ಪಿನೊಳಗೆ ಪದರದ ಮೇಲೆ ಪದರ, ಪದರಗಳೇ ನ್ಯಾನೊಮೀಟರ್ ಲೆಕ್ಕದಲ್ಲಿ, ಅಲ್ಲಿ ಮಾತ್ರ ಇದೇ ದೊಡ್ಡ ತಲೆಬಿಸಿ.

ಈಗ ಮಾಡಿನ ವಿಷಯ. ದೀಪದಲ್ಲಿ ಶತ್ರುವಾದ ಅದೇ ಗಾಳಿ ಇಲ್ಲಿ ನೆಂಟ.

ಅರ್ಧ ಮಿಲಿಮೀಟರಿನ ಉಕ್ಕಿನ ಶೀಟು ಮಟಮಟ ಮಧ್ಯಾಹ್ನದಲ್ಲೂ ತನ್ನ ಮೇಲ್ಮೈಗೂ ಕೆಳಮೈಗೂ ನಡುವೆ ತಡೆಯುವುದು ಡಿಗ್ರಿಯ ಸಾವಿರದ ಕೆಲವೇ ಪಾಲು. ಎರಡು ಪಟ್ಟು ದಪ್ಪ ಮಾಡಿದರೆ ಅದರ ಎರಡು ಪಟ್ಟು, ಅಂದರೆ ಪುನಃ ಏನೂ ಇಲ್ಲ. ಗಾಳಿಗೆ ಹಾರದಿರಲಿ, ತುಕ್ಕು ತಿನ್ನದಿರಲಿ ಅಂತ ದಪ್ಪ ಶೀಟು ಹಾಕಿ, ನಾನು ಬೇಡ ಅನ್ನುವುದಿಲ್ಲ. ಸೆಕೆಗೆ ಅಂತ ದುಡ್ಡು ಸುರಿಯಬೇಡಿ. ಬಿಸಿಲನ್ನು ವಾಪಸು ಕಳಿಸುವ ಬಿಳಿ ಬಣ್ಣ ಅದಕ್ಕಿಂತ ಅಗ್ಗ, ಅದಕ್ಕಿಂತ ಉಪಯೋಗ.

ಅಜ್ಜನ ಮನೆ ಮುಳಿಹುಲ್ಲಿನದು. ಹುಲ್ಲು ಹೊದೆಸಿದ್ದು ಅಂದರೆ ಅರ್ಧಕ್ಕರ್ಧ ಅಲುಗಾಡದ ಗಾಳಿಯನ್ನೇ ಹೊದೆಸಿದ ಹಾಗೆ. ಮಳೆಗೆ ನೆನೆದರೆ ಆ ಗುಣ ಹೋಗುತ್ತದೆ, ಯಾಕೆಂದರೆ ಗಾಳಿಯ ಜಾಗಕ್ಕೆ ನೀರು ಬಂತು, ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಬಿಸಿಯನ್ನು ದಾಟಿಸುತ್ತದೆ. ಬೇಸಗೆಯಲ್ಲಿ ಮಾತ್ರ ಆ ಜಗಲಿಯಲ್ಲಿ ಮಧ್ಯಾಹ್ನ ಫ್ಯಾನಿಲ್ಲದೆ ನಿದ್ದೆ ಬರುತ್ತಿತ್ತು. 1860ರ ದಶಕದಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ಮಾಡಿದ ಮೇಲೆ ನಮ್ಮ ಕಡೆಗೂ ಹಂಚು ಬಂತು. ಹಂಚಿನ ಕೆಳಗೆ ಅಟ್ಟ, ಅಟ್ಟದ ಕೆಳಗೆ ಹಲಗೆಯ ಮುಚ್ಚಿಗೆ, ಕೆಲವು ಮನೆಗಳಲ್ಲಿ ಹಲಗೆಯ ಮೇಲೆ ಮಣ್ಣು ಕೂಡ. ತಡೆಯ ಮೇಲೆ ತಡೆ. ಹಂಚಿನ ಸಂದಿನಲ್ಲಿ ಬಿಸಿ ಗಾಳಿ ಹೊರಗೆ ಹೋಗುತ್ತಿತ್ತು.

ಈಗ ಎಲ್ಲರದ್ದೂ ಟೆರೇಸು, ಅದರ ಮೇಲೆ ಮಳೆಗೆ, ಅಡಿಕೆ ಒಣಗಿಸಲಿಕ್ಕೆ ಅಂತ ಒಂದು ಶೀಟಿನ ಮಾಡು. ಇದನ್ನು ನೋಡಿ ನಗುವವರಿದ್ದಾರೆ, ಆದರೆ ಸೆಕೆಯ ಲೆಕ್ಕದಲ್ಲಿ ಇದು ಒಳ್ಳೆಯ ಕೆಲಸವೇ. ಶೀಟು ಬಿಸಿಲು ತಿನ್ನುತ್ತದೆ, ನಡುವೆ ಗಾಳಿ ಓಡಾಡಿ ಬಿಸಿಯನ್ನು ಒಯ್ಯುತ್ತದೆ, ಟೆರೇಸು ನೆರಳಿನಲ್ಲಿ. ಕಷ್ಟ ಇರುವುದು ನನ್ನ ಅಂಗಡಿಯ ಹಾಗೆ ತಲೆಯ ಮೇಲೆ ಬರೀ ಶೀಟು ಇದ್ದವರಿಗೆ. ಅದರ ಕೆಳಗೆ ಒಂದು ಸೀಲಿಂಗ್ ಹೊಡೆದು ನಡುವೆ ಗಾಳಿ ಬಿಡಿ. ಹಗಲಲ್ಲಿ ಬಿಸಿ ಮೇಲಿರುವುದರಿಂದ ಆ ಗಾಳಿ ಕದಡದೆ ನಿಲ್ಲುತ್ತದೆ, ಹೆಚ್ಚಿನ ಬಿಸಿ ಕೆಳಗೆ ಬರುವುದು ಕೆಂಡದ ಕಾವಿನ ಹಾಗೆ ಸೂಸಿ. ಅದಕ್ಕೆ ಮಿರಮಿರ ಹೊಳೆಯುವ ಫಾಯಿಲ್ ಮದ್ದು. ಆದರೆ ಫಾಯಿಲಿನ ಒಂದು ಮೈಯಾದರೂ ಗಾಳಿಗೆ ಮುಖ ಮಾಡಿರಬೇಕು. ಶೀಟಿಗೂ ಪ್ಲೈವುಡ್ಡಿಗೂ ನಡುವೆ ಅಪ್ಪಚ್ಚಿ ಮಾಡಿ ಒತ್ತಿ ಹೊಡೆದರೆ ಅದು ಬರೀ ತೆಳು ಅಲ್ಯೂಮಿನಿಯಂ, ಬಿಸಿಯನ್ನು ಕೈ ಹಿಡಿದು ಒಳಗೆ ಕರೆದುಕೊಂಡು ಬರುತ್ತದೆ. ನನ್ನ ಪಕ್ಕದ ಅಂಗಡಿಯವರು ಹಾಗೇ ಹೊಡೆಸಿ, ಫಾಯಿಲ್ ಅನ್ನುವುದೇ ಮೋಸ ಮಾರಾಯ್ರೆ ಅಂತ ಹೇಳಿಕೊಂಡು ತಿರುಗುತ್ತಿದ್ದಾರೆ.

ಊರಿನ ಕ್ಲಬ್ಬು, ಮಂದಿರ, ಪಂಚಾಯತು, ಯಾರೇ ದೀಪ ತರುವುದಾದರೂ ನನ್ನದೊಂದು ಕೇಳಿಕೆ. ಹತ್ತು ದೀಪ ತರುವ ಮೊದಲು ಒಂದನ್ನು ತಂದು ಬಿಚ್ಚಿ ನೋಡಿ. ಸ್ಕ್ರೂ ಎಲ್ಲ ಇವೆಯಾ, ಬೋರ್ಡು ಕೂರುವ ಜಾಗಕ್ಕೆ ಬಣ್ಣ ಬಳಿದಿದ್ದಾರಾ, ಪೇಸ್ಟು ಪೂರ್ತಿ ಹರಡಿದೆಯಾ, ಹಾಳೆ ತೂರುತ್ತದಾ. ಟೆಂಡರಿನಲ್ಲಿ ಬಾಡಿಯ ತೂಕ ಬರೆಯುವ ಬದಲು, ಒಂದು ಗಂಟೆ ಉರಿಸಿದ ಮೇಲೆ ಬೋರ್ಡಿಗೂ ಬಾಡಿಗೂ ಇಷ್ಟು ಡಿಗ್ರಿಗಿಂತ ಜಾಸ್ತಿ ಅಂತರ ಇರಬಾರದು ಅಂತ ಬರೆಸಿ. ಅಳೆಯುವ ಮೀಟರು ದುಬಾರಿಯೇನಲ್ಲ, ಬೇಕಾದರೆ ನನ್ನದನ್ನು ಒಯ್ಯಿರಿ.

ಮಂದಿರದ ದೀಪಗಳಲ್ಲಿ ಎರಡರ ಬಾಡಿಯ ಒಳಮೈ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಬಣ್ಣ ತೆಗೆದೆ, ಬೋರ್ಡು ಬದಲಿಸಿ, ಪೇಸ್ಟು ಸವರಿ, ನಾಲ್ಕು ಸ್ಕ್ರೂ ಕೂರಿಸಿದೆ. ಬಾಡಿ ಅದೇ 58, ಬೋರ್ಡು 62. ಮೂರನೆಯದರಲ್ಲಿ ಸ್ಕ್ರೂ ತೂತಿನ ಥ್ರೆಡ್ಡೇ ಸವೆದು ಹೋಗಿದೆ, ಅದು ಇನ್ನೂ ಬೆಂಚಿನ ಮೇಲೆ ಇದೆ. ನಾಲ್ಕನೆಯದು ಅಂಗಳದಲ್ಲಿ ಇನ್ನೂ ಉರಿಯುತ್ತಾ ಇದೆಯಂತೆ. ಚೆನ್ನಾಗಿ ಉರಿಯುವುದನ್ನು ಯಾಕೆ ಬಿಚ್ಚಬೇಕು ಅಂತ ಕಮಿಟಿಯವರು ಬಿಡುತ್ತಿಲ್ಲ.

ಇತಿ,
ಒಬ್ಬ ರಿಪೇರಿ ಅಂಗಡಿಯವ
ಬದಿಯಡ್ಕ, ಕಾಸರಗೋಡು